ಕೊನೆಯ ಬಸ್ಸಿನ ಕಾಡು

ಹೊರನಾಡಿನಲ್ಲಿರುವವರು ರಜೆಗೆ ಊರಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ ಊಟದ್ದು. "ಅಲ್ಲಿ ಬರೀ ಖಾರವಂತೆ, ಹೌದಾ? ನಿನಗೆ ಒಗ್ಗಿತಾ?" ಅಂತ. ಎರಡನೆಯದು ಭಾಷೆಯದು, ಮೂರನೆಯದು ಸೆಕೆಯದು. ಮೂರಕ್ಕೂ ನನ್ನಲ್ಲಿ ಸಿದ್ಧ ಉತ್ತರಗಳಿವೆ. ಖಾರ ಒಗ್ಗಿದೆ, ತೆಲುಗು ತಕ್ಕಮಟ್ಟಿಗೆ ಬರುತ್ತದೆ, ಮೇ ತಿಂಗಳ ವಿಜಯವಾಡದ ಸೆಕೆ ಮಾತ್ರ ಶತ್ರುವಿಗೂ ಬೇಡ. ಆದರೆ 'ಅಲ್ಲಿ ನಿನಗೆ ಏನು ಸಿಗುವುದಿಲ್ಲ' ಅಂತ ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಕಾಡಿನ ಅಂಚಿನಲ್ಲಿ "ಇಲ್ಲೇ ಇಳೀತೀನಿ" ಅಂದರೆ ನಿಲ್ಲುವ ಬಸ್ಸು.

ನಾನು ಕೊಪ್ಪ ಸೀಮೆಯವಳು. ಬ್ಯಾಂಕಿನ ಕೆಲಸ. 2021ರಲ್ಲಿ ಒಂದು ವರ್ಗಾವಣೆಯ ಕಾಗದ ನನ್ನನ್ನು ವಿಜಯವಾಡದ ಬೆಂಜ್ ಸರ್ಕಲ್ಲಿನ ಹತ್ತಿರ ತಂದು ಹಾಕಿತು. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ 16ನೇ ನಂಬರಿನ ಹೆದ್ದಾರಿಯೂ ಹೈದರಾಬಾದ್ ಕಡೆಯಿಂದ ಮಚಿಲೀಪಟ್ಟಣಕ್ಕೆ ಹೋಗುವ 65ನೇ ನಂಬರಿನ ಹೆದ್ದಾರಿಯೂ ಕೂಡುವ ಜಾಗ ಅದು. 2020ರಲ್ಲಿ ಮೇಲ್ಸೇತುವೆ ಬಂದಿದೆ. ಮೇಲೆ ಲಾರಿಗಳ ಸದ್ದು, ಕೆಳಗೆ ಆಟೋಗಳ ಸದ್ದು. ಮಳೆಗಾಲದಲ್ಲಿ ಕಪ್ಪೆಯ ಸದ್ದಿಗೆ ಮಲಗಿ ಅಭ್ಯಾಸವಾದವಳಿಗೆ ಮೊದಲ ಆರು ತಿಂಗಳು ನಿದ್ದೆಯೇ ಹತ್ತಲಿಲ್ಲ. ನನ್ನ ಹತ್ತಿರ ಕಾರಿಲ್ಲ. ಆ ಟ್ರಾಫಿಕ್ಕಿನಲ್ಲಿ ಸ್ಕೂಟರು ಓಡಿಸುವ ಧೈರ್ಯವೂ ಇಲ್ಲ. ಹಾಗಾಗಿ ಭಾನುವಾರ ಬಂತೆಂದರೆ ನನಗೆ ಇರುವುದು ಬಸ್ಸೊಂದೇ.

ಈ ಸರ್ಕಲ್ಲಿನ ಹೆಸರನ್ನು ದಿನಾ ಹೇಳುತ್ತ ಹೇಳುತ್ತ ಒಮ್ಮೆ ಕುತೂಹಲ ಹುಟ್ಟಿ ಬೆಂಜ್ ಮನೆತನದ ಕತೆ ಓದಿದೆ. ಮೋಟಾರು ಕಾರು ಮಾಡಿದ ಜರ್ಮನಿಯ ಕಾರ್ಲ್ ಬೆಂಜ್‌ನ ಹೆಂಡತಿ ಬೆರ್ಟಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಆ ಕಾರನ್ನು ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್ ಎಂಬ ಊರಿಗೆ ಓಡಿಸಿಕೊಂಡು ಹೋದವಳು ಅವಳು. ಸುಮಾರು 100 ಕಿಲೋಮೀಟರು. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡರು. ಏರು ಬಂದಾಗ ಇಳಿದು ತಳ್ಳಿದರು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣ ಅದು ಎನ್ನುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ ಸಂಗತಿ ಇನ್ನೊಂದು: ಪ್ಫೋರ್ಟ್ಸ್‌ಹೈಮ್ ಅವಳ ತವರು. ಅಮ್ಮನ ಮನೆಗೆ ಹೊರಟಿದ್ದಳು, ಅಷ್ಟೇ.

ಬೆಂಜ್‌ನ ಬಸ್ಸಿಗೂ ಒಂದು ಕತೆಯಿದೆ. 1895ರ ಮಾರ್ಚ್‌ನಲ್ಲಿ ಜರ್ಮನಿಯ ಜೀಗೆನ್ ಎಂಬ ಊರಿನಿಂದ ಸುತ್ತಲ ಹಳ್ಳಿಗಳಿಗೆ ಬೆಂಜ್ ಮಾಡಿದ ಮೋಟಾರು ಬಸ್ಸು ಓಡಿತು. ಮೋಟಾರು ಬಸ್ಸಿನ ಮೊದಲ ಸಾರಿಗೆ ಅದೇ. ದೊಡ್ಡ ಪೇಟೆಯಲ್ಲಲ್ಲ, ಗುಡ್ಡಗಾಡಿನ ಹಳ್ಳಿಯಲ್ಲಿ ಎಂಬುದನ್ನು ಗಮನಿಸಬೇಕು. ಕೆಟ್ಟ ರಸ್ತೆಗೆ ಗಾಡಿ ತಾಳದೆ ವರ್ಷದೊಳಗೇ ಅದು ನಿಂತೂ ಹೋಯಿತು. ಮಲೆನಾಡಿನವರಿಗೆ ಈ ಕತೆಯಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಈ ಬರಹದಲ್ಲಿ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ನಮ್ಮ ಪ್ರವಾಸ ಲೇಖನಗಳ ಕೊನೆಯಲ್ಲಿ ಬರುವ ಪುಟ್ಟ ಚೌಕಟ್ಟನ್ನು. ನೀವೂ ನೋಡಿರುತ್ತೀರಿ. ಎರಡು ಪುಟ ಕಾಡಿನ ವರ್ಣನೆ, ಮಂಜು, ಜಲಪಾತ, ಬೆಟ್ಟದ ನೆತ್ತಿಯಲ್ಲಿ ಕೈಚಾಚಿ ನಿಂತ ಲೇಖಕರ ಫೋಟೋ. ಕೆಳಗೆ 'ತಲುಪುವುದು ಹೇಗೆ?' ಎಂಬ ಚೌಕಟ್ಟು. ಅದರಲ್ಲಿ ಬೆಂಗಳೂರಿನಿಂದ ಇಷ್ಟು ಕಿಲೋಮೀಟರು, ಸ್ವಂತ ವಾಹನವಿದ್ದರೆ ಅನುಕೂಲ, ಅಂತ ಎರಡು ಸಾಲು. ಬಸ್ಸಿನ ಮಾತಿದ್ದರೆ 'ಬಸ್ ಸೌಕರ್ಯವೂ ಉಂಟು' ಎಂದು ಮುಗಿಯುತ್ತದೆ. ಎಷ್ಟು ಹೊತ್ತಿಗೆ, ಎಲ್ಲಿ ಇಳಿಯಬೇಕು, ವಾಪಸು ಬರುವ ಕೊನೆಯ ಬಸ್ಸು ಯಾವುದು? ಇಲ್ಲ. ಇಡೀ ಲೇಖನದಲ್ಲಿ ಓದುಗರಿಗೆ ನಿಜಕ್ಕೂ ಬೇಕಾದ ಸಾಲು ಅದು, ಅದನ್ನೇ ಬಿಟ್ಟಿರುತ್ತಾರೆ. ನನ್ನ ವಾದ ಇಷ್ಟೇ: ಕಾಡಿನ ಹಾದಿಯೊಂದು ಯಾರದ್ದು ಎಂದು ತಿಳಿಯಬೇಕಾದರೆ ಅದರ ಎತ್ತರ, ಜಲಪಾತ ನೋಡಬೇಡಿ. ವಾಪಸು ಬರುವ ಬಸ್ಸು ನೋಡಿ.

ಇದು ನನಗೆ ಗೊತ್ತಾದದ್ದು ಕೊಂಡಪಲ್ಲಿಯಲ್ಲಿ. ವಿಜಯವಾಡದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬೆಂಜ್ ಸರ್ಕಲ್ಲಿನಲ್ಲಿ ಸಿಟಿ ಬಸ್ಸು ಹತ್ತಿ ಪಂಡಿತ್ ನೆಹರೂ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು. ಮರದ ಬೊಂಬೆಗಳಿಗೆ ಹೆಸರಾದ ಊರು ಅದು. ನಮ್ಮ ಚನ್ನಪಟ್ಟಣದ ಬೊಂಬೆಗೆ ಹಾಲೆ ಮರ ಹೇಗೋ ಇಲ್ಲಿಯ ಬೊಂಬೆಗೆ 'ತೆಲ್ಲ ಪೊಣಿಕಿ' ಎಂಬ ಹಗುರವಾದ ಬಿಳಿ ಮರ. ಮರ ಬರುತ್ತಿದ್ದದ್ದು ಊರಿನ ಬೆನ್ನಿಗಿರುವ ಗುಡ್ಡದ ಕಾಡಿನಿಂದಲೇ. ಗುಡ್ಡದ ಮೇಲೆ 14ನೆಯ ಶತಮಾನದ ಕೋಟೆ. 1515ರಲ್ಲಿ ಕೊಂಡವೀಡು ಗೆದ್ದ ಬಳಿಕ ಕೃಷ್ಣದೇವರಾಯ ಇದನ್ನೂ ಹಿಡಿದ. ಕನ್ನಡದವಳೊಬ್ಬಳು ಆ ಕೋಟೆಗೆ ಐನೂರು ವರ್ಷ ತಡವಾಗಿ, ಟಿಫನ್ ಡಬ್ಬಿ ಹಿಡಿದುಕೊಂಡು, ಬಸ್ಸಿನಲ್ಲಿ ಹೋದಳು.

ಬಸ್ಸೇನೋ ಇಳಿಸಿತು. ಆಮೇಲೆ? ಮೇಲಕ್ಕೆ ಕಾರು ಹೋಗುವ ರಸ್ತೆ ಸುತ್ತಿ ಬಳಸಿ ಹೋಗುತ್ತದೆ. ನಡೆದು ಹೋಗುವವರು ಎಲ್ಲಿಂದ ಹತ್ತಬೇಕೆಂದು ನನಗೆ ತಿಳಿಯಲಿಲ್ಲ. ಬೊಂಬೆ ಕೆಲಸದವರ ಬೀದಿಯಲ್ಲಿ ಜಗಲಿಯ ಮೇಲೆ ಕೂತು ಅಂಬಾರಿ ಆನೆಗೆ ಬಣ್ಣ ಹಚ್ಚುತ್ತಿದ್ದ ಅಜ್ಜಿಯೊಬ್ಬರನ್ನು ನನ್ನ ಹರಕು ತೆಲುಗಿನಲ್ಲಿ ಕೇಳಿದೆ. ಆಕೆ ಕುಂಚವನ್ನೇ ಎತ್ತಿ ದಾರಿ ತೋರಿಸಿದರು. "ಒಂಟಿಗಾನಾ ಅಮ್ಮಾ?" ಅಂದರು, ಒಬ್ಬಳೇನಾ ಅಂತ. ಹೌದೆಂದೆ. ಮೂರು ಗಂಟೆಗೆಲ್ಲ ಇಳಿದುಬಿಡು, ಇಳಿದ ಮೇಲೆ ಇಲ್ಲಿಗೇ ಬಂದು ಮುಖ ತೋರಿಸಿ ಹೋಗು, ಅಂದರು. ಹತ್ತಿದೆ. ಎಲೆ ಉದುರುವ ಕಾಡು, ಮುಳ್ಳು ಪೊದೆ, ಬಿಸಿ ಕಲ್ಲು. ನಮ್ಮ ಶೋಲೆಯ ತಂಪಿಲ್ಲ, ಉಂಬಳವೂ ಇಲ್ಲ. ಮೇಲೆ ಮೂರಂತಸ್ತಿನ ಕಲ್ಲಿನ ಬುರುಜು. ಅಲ್ಲಿಂದ ನೋಡಿದರೆ ಒಂದು ಕಡೆ ಇಬ್ರಾಹಿಂಪಟ್ಟಣದ ವಿದ್ಯುತ್ ಸ್ಥಾವರದ ಚಿಮಣಿಗಳು, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಗುಡ್ಡ. ಈ ಮೀಸಲು ಅರಣ್ಯದಲ್ಲಿ ಚಿರತೆಗಳಿವೆ. ಎರಡು ಗಂಟೆಗೇ ಇಳಿದು ಅಜ್ಜಿಗೆ ಮುಖ ತೋರಿಸಿದೆ. "ಬಸ್ಸು ಆ ಬೇವಿನ ಮರದ ಹತ್ತಿರ ನಿಲ್ಲುತ್ತದೆ, ಓಡು" ಅಂದರು. ಆ ದಿನ ನನಗೆ ವಿಜಯವಾಡ ಮೊದಲ ಸಲ ಊರು ಅನ್ನಿಸಿತು. ಕೋಟೆಯಿಂದಲ್ಲ. ನಾನು ವಾಪಸು ಹೋದೆನೋ ಇಲ್ಲವೋ ಎಂದು ನೋಡುವವರು ಒಬ್ಬರು ಸಿಕ್ಕಿದ್ದರಿಂದ.

2024ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿರುವ ತಮ್ಮನ ಮನೆಗೆ ಮೂರು ವಾರ ಹೋಗಿದ್ದೆ. "ಅಕ್ಕ, ನಿನಗೆ ಕಾಡು ತೋರಿಸ್ತೀನಿ, ನಡೀ" ಅಂತ ಒಂದು ಭಾನುವಾರ ರೈಲು ಹತ್ತಿಸಿದ. ಇಳಿದದ್ದು ಪ್ಫೋರ್ಟ್ಸ್‌ಹೈಮ್‌ನಲ್ಲಿ, ಬೆರ್ಟಾಳ ತವರಿನಲ್ಲಿ! ಕಪ್ಪು ಕಾಡು ಎಂದು ಅವರು ಕರೆಯುವ ಸೀಮೆಯ ಬಾಗಿಲು ಅದು. ಅಲ್ಲಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ಸುಮಾರು 285 ಕಿಲೋಮೀಟರಿನ ಕಾಲುಹಾದಿಯಿದೆ, ವೆಸ್ಟ್‌ವೇಗ್ ಅಂತ. 1864ರಲ್ಲಿ ಹುಟ್ಟಿದ ಅಲ್ಲಿಯ ನಡಿಗೆಗಾರರ ಸಂಘ 1900ರಲ್ಲಿ ಈ ಹಾದಿ ಮಾಡಿತು. ಮರಮರಕ್ಕೂ ಕೆಂಪು ವಜ್ರಾಕಾರದ ಗುರುತು. ಸಣ್ಣಪುಟ್ಟ ಸ್ಥಳೀಯ ಹಾದಿಗಳಿಗೆ ಹಳದಿ ಗುರುತು. ಗುರುತು ಮಾಸಿದಾಗ ಮತ್ತೆ ಬಳಿಯುವವರು ಸಂಘದ ಸದಸ್ಯರೇ. ಕೂಡುಹಾದಿಗಳಲ್ಲಿ ಕೈಮರ. ಅದರಲ್ಲಿ ನಿಂತ ಜಾಗದ ಹೆಸರು, ಎತ್ತರ, ಮುಂದಿನ ಊರಿಗೆ ಎಷ್ಟು ದೂರ. ಊರಿನ ಹೆಸರಿನ ಪಕ್ಕದಲ್ಲಿ ಬಸ್ಸಿನದೋ ರೈಲಿನದೋ ಪುಟ್ಟ ಚಿತ್ರ. ನಾನು ಆ ಚಿತ್ರದ ಮುಂದೆ ನಿಂತುಬಿಟ್ಟೆ. ತಮ್ಮ "ಏನಕ್ಕ, ಬಸ್ಸು ನೋಡಿಲ್ವಾ?" ಅಂತ ನಕ್ಕ. ಕಾಡಿನ ನಡುವೆ ನಿಂತವರಿಗೆ ಮನೆಗೆ ಹೋಗುವ ದಾರಿ ಹೇಳುವ ಬೋರ್ಡನ್ನು ನಾನು ನೋಡಿರಲಿಲ್ಲ, ಅದು ನಿಜ.

ಜರ್ಮನಿಯನ್ನು ಹೊಗಳಿ ನಮ್ಮನ್ನು ಬೈಯುವ ಉದ್ದೇಶ ನನಗಿಲ್ಲ. ವಿದೇಶ ಸುತ್ತಿ ಬಂದವರ ಕಥನಗಳಲ್ಲಿ ಆ ರೋಗ ಸಾಕಷ್ಟಿದೆ. ಅವತ್ತಿನ ಉಳಿದ ಕತೆಯನ್ನೂ ಕೇಳಿ. ಕಾಲು ಸೋಲುವಷ್ಟು ನಡೆದು ಗುಡ್ಡದ ಮೇಲಿನ ಡೋಬೆಲ್ ಎಂಬ ಊರು ಮುಟ್ಟಿದೆವು. ಆ ಊರಿಗೆ ರೈಲಿಲ್ಲ, ಬಸ್ಸೇ ಗತಿ. ತಮ್ಮ ನೋಡಿಟ್ಟುಕೊಂಡಿದ್ದ ಬಸ್ಸು ಬರಲೇ ಇಲ್ಲ. ನಿಲ್ದಾಣದ ವೇಳಾಪಟ್ಟಿಯನ್ನು ಬಗ್ಗಿ ನೋಡಿದರೆ ಆ ಹೊತ್ತಿನ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ: ಶಾಲೆಯಿರುವ ದಿನ ಮಾತ್ರ. ಓದದೆ ಬಿಟ್ಟದ್ದು ನಮ್ಮದೇ ತಪ್ಪು. ಆದರೆ ಅಲ್ಲಿಯ ಹಳ್ಳಿಗಳ ಬಸ್ಸಿನ ಸ್ವರೂಪವೂ ಅದರಿಂದ ತಿಳಿಯಿತು. ಬಹಳಷ್ಟು ಬಸ್ಸುಗಳು ಓಡುವುದು ಶಾಲೆಯ ಮಕ್ಕಳಿಗಾಗಿ. ಭಾನುವಾರ ಬಂದರೆ ವಿರಳ. ಕೆಲವು ಕಡೆ ಮೊದಲೇ ಫೋನು ಮಾಡಿದರಷ್ಟೇ ಬರುವ ಬಸ್ಸುಗಳಿವೆ. 2023ರ ಮೇ ತಿಂಗಳಲ್ಲಿ ಇಡೀ ದೇಶದ ಸಾಮಾನ್ಯ ಬಸ್ಸು, ರೈಲುಗಳಿಗೆ ತಿಂಗಳಿಗೆ 49 ಯೂರೋದ ಒಂದೇ ಟಿಕೆಟ್ ತಂದರು. 2025ಕ್ಕೆ ಅದು 58 ಆಯಿತು. ಟಿಕೆಟ್ಟು ಜೇಬಿನಲ್ಲಿದ್ದರೂ ಭಾನುವಾರ ಬಸ್ಸೇ ಇಲ್ಲದ ಹಳ್ಳಿಯವರಿಗೆ ಅದರಿಂದೇನು ಪ್ರಯೋಜನ? ಈ ಪ್ರಶ್ನೆ ಅಲ್ಲಿಯೂ ಕೇಳುತ್ತಾರೆ.

ನಮ್ಮನ್ನು ಉಳಿಸಿದ್ದು ಹಳದಿ ಗುರುತು. ಕೈಮರದಲ್ಲಿ ಕೆಳಗಿನ ಬಾಡ್ ಹೆರೆನ್‌ಆಲ್ಬ್ ಊರಿನ ಹೆಸರಿತ್ತು, ಪಕ್ಕದಲ್ಲಿ ರೈಲಿನ ಚಿತ್ರವಿತ್ತು. ಐದಾರು ಕಿಲೋಮೀಟರು ಕಾಡಿನಲ್ಲಿಳಿದು ಕತ್ತಲಾಗುವ ಮೊದಲು ರೈಲು ಹಿಡಿದೆವು. ಕೊಂಡಪಲ್ಲಿಯ ಅಜ್ಜಿಯ ಕುಂಚವೂ ಆ ಕೈಮರವೂ ಮಾಡಿದ ಕೆಲಸ ಒಂದೇ ಎಂದು ರೈಲಿನಲ್ಲಿ ಕೂತಾಗ ಹೊಳೆಯಿತು. ಅಜ್ಜಿ ಸಿಗುವುದು ಅದೃಷ್ಟ. ಕೈಮರ ಎಲ್ಲರಿಗೂ ಸಿಗುತ್ತದೆ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಬರುತ್ತದೆ. 'ಅಲ್ಲಿಯ ಕಾಡಿನಲ್ಲಿ ಆನೆ ಉಂಟಾ, ಹುಲಿ ಉಂಟಾ? ನಮ್ಮಲ್ಲಿ ಹಾಗೆ ಬಿಟ್ಟರೆ ಏನಾದೀತು?' ಒಪ್ಪಬೇಕಾದ ಮಾತು. ವಿಹಾರಕ್ಕಾಗಿ ಯಾರು ಬೇಕಾದರೂ ಕಾಡಿಗೆ ಹೋಗಬಹುದೆಂದು ಜರ್ಮನಿಯ 1975ರ ಅರಣ್ಯ ಕಾನೂನು ಹೇಳುತ್ತದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾಳಜಿ ಬೇರೆ, ಕಾಡೂ ಬೇರೆ. ಬಸ್ಸು ಇದ್ದರೆ ಎಲ್ಲವೂ ಸರಿಹೋಗುತ್ತದೆಂದೂ ನಾನು ಹೇಳಲಾರೆ. ಕುಮಾರ ಪರ್ವತವನ್ನೇ ನೋಡಿ. 1712 ಮೀಟರಿನ ಬೆಟ್ಟ, ಬುಡದ ಸುಬ್ರಹ್ಮಣ್ಯಕ್ಕೆ ಬೇಕಾದಷ್ಟು ಬಸ್ಸು. 2024ರ ಜನವರಿ ಕೊನೆಯ ವಾರದ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸರಕಾರ ಚಾರಣ ನಿಲ್ಲಿಸಿತು. ಆಮೇಲೆ ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಿದವರಿಗೆ, ದಿನಕ್ಕೆ 300 ಮಂದಿಯ ಮಿತಿಯಲ್ಲಿ ಅವಕಾಶ ಕೊಟ್ಟಿತು. ಮಿತಿ ಬೇಕಾದದ್ದೇ. ನನ್ನ ಪ್ರಶ್ನೆ ಮಿತಿಯೊಳಗಿನದು. ಆ 300ರಲ್ಲಿ ಬಸ್ಸಿನಲ್ಲಿ ಬರುವವರಿಗೆ ಒಂದು ಪಾಲು ಇಡಬಹುದಲ್ಲ? ಒಳಹೋಗುವ ಹೊತ್ತನ್ನು ಬೆಳಗಿನ ಬಸ್ಸಿಗೂ ಹೊರಬರುವ ಹೊತ್ತನ್ನು ಸಂಜೆಯ ಬಸ್ಸಿಗೂ ಹೊಂದಿಸಬಹುದಲ್ಲ? 2025ರಲ್ಲಿ ಮುಳ್ಳಯ್ಯನಗಿರಿಯ ರಸ್ತೆಗೂ ಮೊದಲೇ ನೋಂದಾಯಿಸುವ ಕ್ರಮ ಬಂತು. ಅಲ್ಲಿ ಎಣಿಸುವುದು ವಾಹನಗಳನ್ನು. ಕಾಡಿಗೆ ಬರುವುದು ಕಾರುಗಳು, ಮನುಷ್ಯರು ಅದರೊಳಗಿನ ಸಾಮಾನು, ಎನ್ನುವ ಹಾಗೆ.

ನಮ್ಮಲ್ಲಿ ಬೇರೆ ರೀತಿ ಇತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದ ಕಾದಂಬರಿ. ಗುತ್ತಿ ತನ್ನ ನಾಯಿಯನ್ನು ಕಟ್ಟಿಕೊಂಡು ಇಡೀ ಕಾಡು ಅಲೆಯುತ್ತಾನೆ. ಅವನದು ಚಾರಣವಲ್ಲ, ಅವನಿಗೆ ಕೆಲಸವಿದೆ. ಆ ಪುಸ್ತಕದಲ್ಲಿ ಪ್ರತಿಯೊಂದು ಕಾಡುದಾರಿಯೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ದಾರಿಯ ಕೊನೆಯಲ್ಲಿ ಯಾರೋ ಇದ್ದಾರೆ. ಇವತ್ತಿನ ಚಾರಣ ಬರಹದ ದಾರಿ 'ವ್ಯೂ ಪಾಯಿಂಟ್'ನಲ್ಲಿ ಮುಗಿಯುತ್ತದೆ. ಅಲ್ಲಿ ಯಾರೂ ಇಲ್ಲ, ಕ್ಯಾಮೆರಾ ಮಾತ್ರ.

ನನ್ನ ಬಾಲ್ಯದ ಸಹಕಾರ ಸಾರಿಗೆಯೂ ಆ ಹಳೆಯ ದಾರಿಗೆ ಸೇರಿದ್ದು. 1991ರಲ್ಲಿ ಕೆಲಸ ಕಳೆದುಕೊಂಡ ಖಾಸಗಿ ಬಸ್ಸಿನ ನೌಕರರು ತಾವೇ ಸಂಘ ಕಟ್ಟಿ ಕೊಪ್ಪದಿಂದ ಬಸ್ಸು ಓಡಿಸಿದರು. ಡ್ರೈವರು, ಕಂಡಕ್ಟರುಗಳೇ ಮಾಲೀಕರು. ನಮ್ಮನೆ ತಿರುವಿನಲ್ಲಿ ನಿಲ್ದಾಣವೆಂಬುದೇ ಇರಲಿಲ್ಲ. ಕೈ ಎತ್ತಿದರೆ ನಿಲ್ಲುತ್ತಿತ್ತು. ಅಜ್ಜನ ಔಷಧಿ, ಪಕ್ಕದ ಮನೆಯವರ ಪೇಪರು ಎಲ್ಲ ಅದರಲ್ಲೇ ಬರುತ್ತಿದ್ದವು. ಶಾಲೆ ಬಿಟ್ಟು ಹಾಡ್ಯದ ದಾರಿಯಲ್ಲಿ ನೇರಳೆ ಹಣ್ಣು ಹೆಕ್ಕುತ್ತ ತಡವಾದರೆ ಕಂಡಕ್ಟರು "ಸಂಜೆ ಬಸ್ಸು ಆರಕ್ಕೆ ಕಣೇ ಮಗಾ, ನೆನಪಿಟ್ಕ" ಅಂತ ಎಚ್ಚರಿಸಿ ಹೋಗುತ್ತಿದ್ದರು. ಕಾಡಿಗೂ ನಮಗೂ ನಡುವೆ ಭಯವಿಲ್ಲದೆ ಇದ್ದದ್ದು ಆ ಆರು ಗಂಟೆಯ ನಂಬಿಕೆಯಿಂದ. ನಷ್ಟ ತಾಳಲಾರದೆ 2020ರಲ್ಲಿ ಆ ಬಸ್ಸುಗಳು ನಿಂತವು. ಮುಂದಿನ ವರ್ಷ ನಾನೂ ಊರು ಬಿಟ್ಟೆ. ಎರಡಕ್ಕೂ ಸಂಬಂಧವಿಲ್ಲ. ಆದರೂ ಮನಸ್ಸಿನಲ್ಲಿ ಎರಡೂ ಒಟ್ಟಿಗೇ ಕೂತಿವೆ.

ಹೊಸ ಕಾಲದಲ್ಲಿ ಇದು ಆಗದ ಕೆಲಸವೇನೂ ಅಲ್ಲ. ವಿಶಾಖಪಟ್ಟಣದ ಕಂಬಾಲಕೊಂಡ ಅಭಯಾರಣ್ಯ ಸುಮಾರು 71 ಚದರ ಕಿಲೋಮೀಟರಿನದು, ಚಿರತೆಯಿರುವ ಕಾಡು. ಅದರ ಬಾಗಿಲು ಹೆದ್ದಾರಿಯ ಬದಿಯಲ್ಲಿ, ಮೃಗಾಲಯದ ಹತ್ತಿರವೇ ಇದೆ. ಸಿಟಿ ಬಸ್ಸಿನಲ್ಲಿ ಹೋಗಿ, ಚೀಟಿ ಪಡೆದು, ಗೊತ್ತುಮಾಡಿದ ಹಾದಿಯಲ್ಲಿ ನಡೆದು, ಅದೇ ಹೆದ್ದಾರಿಗೆ ಬಂದು ಬಸ್ಸು ಹತ್ತಬಹುದು. ನಾನು ಹೋದ ದಿನ ಅಲ್ಲಿ ಕಾಲೇಜಿನ ಹುಡುಗಿಯರ ಒಂದು ಗುಂಪಿತ್ತು. ಒಬ್ಬಳ ಕಾಲಲ್ಲಿ ಹವಾಯಿ ಚಪ್ಪಲಿ. ಚಾರಣದ ಬೂಟಿನ ಜಾಹೀರಾತುಗಳಲ್ಲಿ ಆ ಹುಡುಗಿಯನ್ನು ನೀವು ಕಾಣಲಾರಿರಿ. ಅವಳನ್ನು ಕಾಡಿಗೆ ತಂದದ್ದು ಬಸ್ಸು.

ಇನ್ನು ನನ್ನದೇ ಒಂದು ಸಂಕಟ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂತು, ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಯಿತು. ಆಂಧ್ರದಲ್ಲಿ 2025ರ ಆಗಸ್ಟ್ 15ರಂದು 'ಸ್ತ್ರೀ ಶಕ್ತಿ' ಬಂತು. ಎರಡೂ ಆಯಾ ರಾಜ್ಯದ ವಿಳಾಸವಿರುವವರಿಗೆ. ಈಗ ಕೊಂಡಪಲ್ಲಿಯ ಬಸ್ಸು ತುಂಬ ಹೆಂಗಸರು. ಬುತ್ತಿ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಎತ್ತಿಕೊಂಡು, ಕೋಟೆ ನೋಡಲಿಕ್ಕೆ ಹೊರಟವರೂ ಇರುತ್ತಾರೆ. ಎಲ್ಲರೂ ಕಾರ್ಡು ತೋರಿಸಿ ಶೂನ್ಯದ ಟಿಕೆಟ್ ಪಡೆಯುವಾಗ ನಾನೊಬ್ಬಳು ದುಡ್ಡು ಚಾಚುತ್ತೇನೆ. ಕಂಡಕ್ಟರು ಕಾರ್ಡಿನ ಕನ್ನಡ ಅಕ್ಷರ ನೋಡಿ ನಗುತ್ತಾರೆ. ಪಕ್ಕದವರು "ವಿಳಾಸ ಮಾರ್ಚುಕೋಂಡಮ್ಮಾ" ಅಂತ ಉಪದೇಶ ಮಾಡುತ್ತಾರೆ. ಬದಲಾಯಿಸಲು ಹತ್ತು ನಿಮಿಷದ ಕೆಲಸ. ಬ್ಯಾಂಕಿನಲ್ಲಿ ದಿನಾ ಬೇರೆಯವರ ವಿಳಾಸ ಬದಲಾಯಿಸಿಕೊಡುವವಳು ನಾನು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬದಲಾಯ್ಸು, ಅದಕ್ಕೇನು. ಆದ್ರೆ ಇಲ್ಲಿಗೆ ಬಂದಾಗ ಟಿಕೆಟ್ಟಿಗೆ ದುಡ್ಡು ಕೊಡ್ಬೇಕಾಗ್ತದಲ್ಲೇ, ನೆಂಟರ ಹಾಗೆ" ಅಂದಳು. ಆಮೇಲೆ ತಾನೇ, "ಇಲ್ಲಿ ನಮ್ಮ ತಿರುವಿಗೆ ಬಸ್ಸೇ ಬರಲ್ಲ ಬಿಡು, ಫ್ರೀಯಾದ್ರೇನು, ದುಡ್ಡಾದ್ರೇನು" ಅಂತ ಸೇರಿಸಿದಳು. ಇದಕ್ಕಿಂತ ಚೆನ್ನಾಗಿ ಈ ಯೋಜನೆಗಳನ್ನು ವಿಮರ್ಶೆ ಮಾಡಿದ ಸಂಪಾದಕೀಯವನ್ನು ನಾನು ಓದಿಲ್ಲ.

ವಿಳಾಸ ಇನ್ನೂ ಬದಲಾಯಿಸಿಲ್ಲ. ಕೊಂಡಪಲ್ಲಿಗೆ ದುಡ್ಡು ಕೊಟ್ಟೇ ಹೋಗುತ್ತಿದ್ದೇನೆ. ಅಜ್ಜಿಗೆ ಮುಖ ತೋರಿಸುವ ಪದ್ಧತಿಯೂ ಹಾಗೇ ಇದೆ. ಊರಿನಲ್ಲಿರುವ ನಿಮ್ಮನ್ನು ಒಂದೇ ಕೇಳಿಕೊಳ್ಳುವುದು. ಯಾರಾದರೂ ನಿಮ್ಮ ಕಾಡಿಗೆ ದಾರಿ ಕೇಳಿದರೆ, ಹತ್ತುವ ದಾರಿಯ ಜೊತೆಗೆ ವಾಪಸು ಬಸ್ಸಿನ ಹೊತ್ತನ್ನೂ ಹೇಳಿ. ಕೇಳಿದವರು ಪರಊರಿನವರಾದರೆ ಅದನ್ನೇ ಮೊದಲು ಹೇಳಿ.